ಡಿಸೈನ್ ರಿಪೋರ್ಟಿನ ಯೂನಿಟ್ಟಿಗೂ ಮೀಟರಿನ ಯೂನಿಟ್ಟಿಗೂ ಯಾಕಿಷ್ಟು ಅಂತರ?

ಚಿಲ್ಲರ್‌ಮನೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಒಂದು ಆಫೀಸ್ ಕಟ್ಟಡದಲ್ಲಿ ಎಸಿ ಮತ್ತು ಕರೆಂಟ್ ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಹನ್ನೊಂದು ವರ್ಷ ಆಯಿತು, ಈ ಕಟ್ಟಡಕ್ಕೆ ಬಂದು ಎರಡು ವರ್ಷ. ಲಾಬಿಯಲ್ಲಿ ಗ್ರೀನ್ ಬಿಲ್ಡಿಂಗ್ ಫಲಕ ಇದೆ. ದಿನಾ ಅದರ ಮುಂದೆಯೇ ಓಡಾಡುತ್ತೇನೆ.

ಹೋದ ತಿಂಗಳು ಹಳೆಯ ಕಪಾಟು ಕ್ಲೀನ್ ಮಾಡುವಾಗ ಡಿಸೈನ್ ಸಮಯದ ಎನರ್ಜಿ ರಿಪೋರ್ಟ್ ಸಿಕ್ಕಿತು. ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅದರಲ್ಲಿ ಬರೆದಿದ್ದಾರೆ. ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ ಕೂಡಿಸಿದೆ, ಡೀಸೆಲ್ ಜನರೇಟರಿನ ಯೂನಿಟ್ಟೂ ಸೇರಿಸಿದೆ. ರಿಪೋರ್ಟಿನಲ್ಲಿ 100 ಇದ್ದರೆ ನಮ್ಮಲ್ಲಿ ಸುಮಾರು 170 ಓಡುತ್ತಿದೆ. ಮ್ಯಾನೇಜರ್‌ಗೆ ತೋರಿಸಿದೆ. "ಹಾಗಾದ್ರೆ ನಿಮ್ಮ ಟೀಮ್ ಸರಿಯಾಗಿ ನಡೆಸ್ತಿಲ್ಲ" ಎಂದರು. ಆ ಮಾತು ಮನಸ್ಸಿಗೆ ನಾಟಿತು.

ಎರಡು ವಾರ ನಾನೇ ನೋಟ್‌ಬುಕ್ ಹಿಡಿದು ಮೇನ್ ಪ್ಯಾನೆಲ್ ರೀಡಿಂಗ್ ಬರೆದೆ. ಬೆಳಗ್ಗೆ 11, ಮಧ್ಯಾಹ್ನ 3, ರಾತ್ರಿ 11, ಬೆಳಗಿನ ಜಾವ 3. ಬೆಳಗಿನ ಜಾವ ಕಟ್ಟಡದಲ್ಲಿ ಸೆಕ್ಯೂರಿಟಿಯವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಆದರೂ ಹಗಲಿನ ಲೋಡಿನ 40 ಪರ್ಸೆಂಟ್ ಹತ್ತಿರ ಓಡುತ್ತಲೇ ಇರುತ್ತದೆ.

ಕೇಳಬೇಕಾಗಿರುವುದು ಇಷ್ಟೇ. ರಿಪೋರ್ಟ್ ತಪ್ಪಾ, ನಾವು ತಪ್ಪಾ?

ಲೆಕ್ಕದಪುಸ್ತಕ

ಸರ್, ಇಂಥ ರಿಪೋರ್ಟ್ ಮಾಡುವುದೇ ನನ್ನ ಕೆಲಸ. ಎನರ್ಜಿ ಸಿಮ್ಯುಲೇಶನ್ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಕಸಿವಿಸಿ ಆಯಿತು, ಯಾಕೆಂದರೆ ಇದನ್ನು ನಾವೇ ಬಿಡಿಸಿ ಹೇಳಬೇಕಿತ್ತು.

ಆ ರಿಪೋರ್ಟಿನ ಸಂಖ್ಯೆ ಭವಿಷ್ಯ ಅಲ್ಲ. ಅದು ಎರಡು ಕಟ್ಟಡಗಳ ಹೋಲಿಕೆ. ಒಂದು ನಿಮ್ಮ ಕಟ್ಟಡದ ಡಿಸೈನ್. ಇನ್ನೊಂದು ಅದೇ ಅಳತೆಯ, ಕೋಡ್, ಅಂದರೆ ಕನಿಷ್ಠ ನಿಯಮ, ಹೇಳಿದಷ್ಟೇ ಮಾಡಿದ ಕಾಲ್ಪನಿಕ ಕಟ್ಟಡ. ಎರಡಕ್ಕೂ ಒಂದೇ ಟೈಮ್‌ಟೇಬಲ್ ಕೊಡುತ್ತೇವೆ. ಎಷ್ಟು ಪರ್ಸೆಂಟ್ ಕಡಿಮೆ ಎಂದು ನೋಡಿ ಪಾಯಿಂಟ್ ಸಿಗುತ್ತದೆ. ಲೀಡ್ ಎಂಬ ಗ್ರೀನ್ ಬಿಲ್ಡಿಂಗ್ ರೇಟಿಂಗಿಗೆ ಬಳಸುವ, ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೆಯ 90.1 ಮಾನದಂಡದ ಅಪೆಂಡಿಕ್ಸ್ ಜಿ ಇದೆಯಲ್ಲ, ಅದರಲ್ಲೇ ಇದನ್ನು ನೇರವಾಗಿ ಬರೆದಿದ್ದಾರೆ: ಈ ಲೆಕ್ಕ, ಕಟ್ಟಿದ ಮೇಲೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬುದರ ಅಂದಾಜು ಅಲ್ಲ. ಆದರೆ ಮಾಲೀಕರ ಕೈಗೆ ಬರುವ ಪ್ರೆಸೆಂಟೇಶನ್‌ನಲ್ಲಿ ಆ ಸಾಲು ಇರುವುದಿಲ್ಲ. "ವರ್ಷಕ್ಕೆ ಇಷ್ಟು ಯೂನಿಟ್" ಎಂಬ ಒಂದು ಸಾಲು ಮಾತ್ರ ದೊಡ್ಡದಾಗಿ ಕಾಣುತ್ತದೆ.

ನಿಮ್ಮ 40 ಪರ್ಸೆಂಟ್ ನೋಡಿದ ಕೂಡಲೇ ಒಂದು ಸಣ್ಣ ಲೆಕ್ಕ ಮಾಡಿದೆ. ವಾರಕ್ಕೆ 168 ಗಂಟೆ. ಆಫೀಸ್ ಎಂದರೆ ನಾವು ಸಾಮಾನ್ಯವಾಗಿ ಹಾಕುವುದು ದಿನಕ್ಕೆ 10 ಗಂಟೆ, ವಾರಕ್ಕೆ 5 ದಿನ. ಅಂದರೆ 50 ಗಂಟೆ ಕೆಲಸ, 118 ಗಂಟೆ ಬಾಗಿಲು ಮುಚ್ಚಿರುತ್ತದೆ. ಹಗಲು 100 ಕಿಲೋವ್ಯಾಟ್ ಓಡುತ್ತದೆ, ರಾತ್ರಿ 10 ಎಂದು ನಾವು ಅಂದುಕೊಂಡಿದ್ದರೆ, ವಾರಕ್ಕೆ 5,000 ಮತ್ತು 1,180, ಒಟ್ಟು 6,180 ಯೂನಿಟ್. ರಾತ್ರಿ ನಿಜವಾಗಿ 40 ಓಡಿದರೆ? 5,000 ಮತ್ತು 4,720. ಒಟ್ಟು 9,720. ಹಗಲಿನಲ್ಲಿ ಏನೂ ಬದಲಾಗಿಲ್ಲ, ಆದರೂ 57 ಪರ್ಸೆಂಟ್ ಜಾಸ್ತಿ.

ನಿಮ್ಮ ರಿಪೋರ್ಟಿನ ಕೊನೆಯಲ್ಲಿ "ಶೆಡ್ಯೂಲ್" ಎಂಬ ಪುಟಗಳು ಇರುತ್ತವೆ. ಯಾವ ಗಂಟೆಗೆ ಎಷ್ಟು ಲೈಟು, ಎಷ್ಟು ಫ್ಯಾನು ಎಂದು. ದಯವಿಟ್ಟು ಅದನ್ನು ತೆಗೆದು ನೋಡಿ. ರಾತ್ರಿಯ ಕಾಲಂನಲ್ಲಿ ಏನಿದೆ?

ಚಿಲ್ಲರ್‌ಮನೆ

ನೋಡಿದೆ ಮೇಡಂ. ಸಂಜೆ 7ರಿಂದ ಬೆಳಗ್ಗೆ 8ರ ತನಕ ಎಎಚ್‌ಯು (ಫ್ಲೋರಿಗೆ ತಣ್ಣನೆ ಗಾಳಿ ಊದುವ ಯಂತ್ರ) ಸೊನ್ನೆ. ಲೈಟ್ 5 ಪರ್ಸೆಂಟ್. ಕಂಪ್ಯೂಟರ್, ಪ್ಲಗ್ ಎಲ್ಲಾ ಸೇರಿ 10. ನಮ್ಮಲ್ಲಿ ಎರಡು ಫ್ಲೋರಿನಲ್ಲಿ ಅಮೆರಿಕದ ಟೈಮಿಗೆ ಕೆಲಸ ಮಾಡುವವರು ರಾತ್ರಿ 11ರವರೆಗೂ ಇರುತ್ತಾರೆ. ರಿಪೋರ್ಟಿನಲ್ಲಿ ಅವರು ಇಲ್ಲವೇ ಇಲ್ಲ. ಸರ್ವರ್ ರೂಮಿನ ಎಸಿ ಕೂಡ ಇಲ್ಲ.

ಕೆಂಪುಹೆಂಚು

ನಾನು ಆರ್ಕಿಟೆಕ್ಟ್, ಊರು ಮಂಗಳೂರು, ಕೆಲಸ ಬೆಂಗಳೂರಿನಲ್ಲಿ. ರಾತ್ರಿ ಲೋಡಿನ ಮಾತು ನಿಜ. ಆದರೆ ಅದಕ್ಕೂ ಮುಂಚೆ, ಡ್ರಾಯಿಂಗಿಗೂ ಕಟ್ಟಿದ್ದಕ್ಕೂ ನಡುವೆ ಏನಾಗುತ್ತದೆ ಎಂಬುದನ್ನು ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಒಂದು ಆಫೀಸ್ ಡಿಸೈನ್ ಮಾಡಿತು. ಪಶ್ಚಿಮದ ಗೋಡೆಗೆ ನೆಟ್ಟಗೆ ನಿಲ್ಲುವ ಫಿನ್‌ಗಳನ್ನು, ಅಂದರೆ ಬಿಸಿಲು ತಡೆಯುವ ಹಲಗೆಗಳನ್ನು, ಕೊಟ್ಟಿದ್ದೆವು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಒಳಗೇ ನುಗ್ಗುತ್ತದೆ, ಮೇಲಿನ ಸಜ್ಜ ಅದನ್ನು ತಡೆಯುವುದಿಲ್ಲ. ಅದಕ್ಕೇ ಫಿನ್. ಎನರ್ಜಿ ಲೆಕ್ಕ ಆ ಫಿನ್ ಇಟ್ಟುಕೊಂಡೇ ಆಗಿತ್ತು. ಆಮೇಲೆ ಖರ್ಚು ಇಳಿಸುವ ಮೀಟಿಂಗ್ ಬಂತು. ಫಿನ್ ಹೋಯಿತು. ಗಾಜೂ ಬದಲಾಯಿತು: ಡ್ರಾಯಿಂಗಿನಲ್ಲಿದ್ದ ಗಾಜಿಗಿಂತ ಹೆಚ್ಚು ಬಿಸಿಲ ಶಾಖ ಒಳಗೆ ಬಿಡುವಂಥದ್ದು ಬಂತು. ಬಣ್ಣ ಒಂದೇ, ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕವನ್ನು ಮತ್ತೆ ಮಾಡಿಸಲು ಯಾರೂ ಕೇಳಲಿಲ್ಲ. ನಾನೂ ಗಟ್ಟಿಯಾಗಿ ಹೇಳಲಿಲ್ಲ. ಅದು ಇವತ್ತಿಗೂ ನೋವು.

ಕಟ್ಟಡ ತೆರೆದ ಮೇಲೆ ಹೋಗಿ ನೋಡಿದೆ. ಪಶ್ಚಿಮದ ಕಡೆ ಕೂತವರು ಬ್ಲೈಂಡ್ ಪೂರ್ತಿ ಇಳಿಸಿ, ಹಗಲಲ್ಲೇ ಎಲ್ಲಾ ಲೈಟ್ ಹಾಕಿಕೊಂಡಿದ್ದರು. ಅವರದ್ದು ತಪ್ಪಲ್ಲ, ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು. ಆದರೆ ಹಗಲು ಬೆಳಕಿನಿಂದ ಇಷ್ಟು ಉಳಿತಾಯ ಎಂದು ಲೆಕ್ಕದಲ್ಲಿ ಇದ್ದದ್ದು ಅಲ್ಲಿಗೇ ಮುಗಿಯಿತು. ಒಂದು ಫಿನ್ ಹೋದದ್ದಕ್ಕೆ ಎಸಿಯೂ ಹೆಚ್ಚಾಯಿತು, ಲೈಟೂ ಹೆಚ್ಚಾಯಿತು.

ಇನ್ನೊಂದು ವಿಷಯ. ಬಾಡಿಗೆಗೆ ಬರುವವರು ತಮ್ಮ ಇಂಟೀರಿಯರ್ ತಾವೇ ಮಾಡಿಸುತ್ತಾರೆ. ಅವರ ಇಂಟೀರಿಯರ್ ಡಿಸೈನರ್‌ಗೆ ನಮ್ಮ ರಿಪೋರ್ಟ್ ಇದೆ ಎಂದೇ ಗೊತ್ತಿರುವುದಿಲ್ಲ. ಕಿಟಕಿ ಪಕ್ಕ ಗಾಜಿನ ಕ್ಯಾಬಿನ್ ಬರುತ್ತದೆ. ಒಂದು ದೊಡ್ಡ ಹಾಲಿಗೆ ಎಂದು ಇಟ್ಟ ಎಸಿ ಈಗ ಆರು ಪುಟ್ಟ ರೂಮಿಗೆ ಹಂಚಿಹೋಗುತ್ತದೆ.

ಬಿಸಿಲುಕುದುರೆ

ಇಷ್ಟೆಲ್ಲಾ ಯಾಕೆ? ಜನ ಎಸಿಯನ್ನು 18ಕ್ಕೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ನಮ್ಮ ಆಫೀಸಿನಲ್ಲಿ ದಿನಾ ನೋಡುತ್ತೇನೆ. ಅದನ್ನು ನಿಲ್ಲಿಸಿದರೆ ಸಾಕು ಅಲ್ವಾ?

ಚಿಲ್ಲರ್‌ಮನೆ

ಅಣ್ಣ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು 6 ಪರ್ಸೆಂಟ್ ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ ಬಿಇಇಯವರೇ ಹೇಳುತ್ತಾರೆ. 2020ರ ಜನವರಿಯಿಂದ ಸ್ಟಾರ್ ಇರುವ ರೂಮ್ ಎಸಿಗಳು ಆನ್ ಮಾಡಿದ ಕೂಡಲೇ 24ರಲ್ಲಿ ಶುರುವಾಗಬೇಕು ಎಂಬ ನಿಯಮವೂ ಬಂತು.

ಆದರೆ ಜನ ಯಾಕೆ 18ಕ್ಕೆ ಇಡುತ್ತಾರೆ ಎಂದು ನಾನು ಹೋಗಿ ನೋಡಿದ್ದೇನೆ. ನಮ್ಮ ಐದನೇ ಫ್ಲೋರಿನಲ್ಲಿ ಒಂದು ಮೂಲೆಯವರು ಸೆಕೆ ಎನ್ನುತ್ತಾರೆ, ಇನ್ನೊಂದು ಮೂಲೆಯವರು ಚಳಿ ಎನ್ನುತ್ತಾರೆ. ಟೆಂಪರೇಚರ್ ಸೆನ್ಸರ್ ಇರುವುದು ದೊಡ್ಡ ಪ್ರಿಂಟರ್ ಪಕ್ಕದ ಗೋಡೆಗೆ. ಪ್ರಿಂಟರ್ ಶಾಖಕ್ಕೆ ಸೆನ್ಸರ್ 27 ಎನ್ನುತ್ತದೆ, ಎಸಿ ಜೋರಾಗಿ ಓಡುತ್ತದೆ, ಎದುರಿನ ಮೂಲೆಯವರು ನಡುಗುತ್ತಾರೆ. ಆ ಮೂಲೆಯವರು ಡಿಫ್ಯೂಸರ್‌ಗೆ (ಸೀಲಿಂಗಿನಲ್ಲಿ ಎಸಿ ಗಾಳಿ ಬರುವ ಬಾಯಿಗೆ) ರಟ್ಟು ಅಂಟಿಸಿಕೊಂಡರು. ಗಾಳಿ ಈ ಕಡೆ ಬರಬೇಕಾದದ್ದು ಇನ್ನೆಲ್ಲೋ ಹೋಯಿತು. ಜನರನ್ನು ಬೈದು ಇದು ಸರಿಹೋಗುವುದಿಲ್ಲ. ಸೆನ್ಸರ್ ಜಾಗ ಬದಲಿಸಬೇಕು.

ಈಗ ನನ್ನ ಮನೆಯ ವಿಷಯವನ್ನೇ, ಅಂದರೆ ಪ್ಲಾಂಟ್ ರೂಮಿನದ್ದನ್ನು ಹೇಳುತ್ತೇನೆ. ಚಿಲ್ಲರ್‌ನ (ಎಸಿಗೆ ಬೇಕಾದ ನೀರನ್ನು ತಣ್ಣಗೆ ಮಾಡುವ ಯಂತ್ರ) ತಣ್ಣೀರು ಪಂಪುಗಳಿಗೆ ವಿಎಫ್‌ಡಿ ಇದೆ, ಅಂದರೆ ಮೋಟರಿನ ವೇಗ ಏರಿಸಿ ಇಳಿಸುವ ಸಾಧನ. ಬೇಕಾದಷ್ಟೇ ಜೋರಾಗಿ ಪಂಪ್ ತಿರುಗಲಿ ಎಂದು ದುಡ್ಡು ಹಾಕಿ ಇಟ್ಟದ್ದು. 50 ಹರ್ಟ್ಜ್ ಬದಲು 40ರಲ್ಲಿ ತಿರುಗಿದರೆ ವೇಗ 80 ಪರ್ಸೆಂಟ್ ಆಗುತ್ತದೆ, ಆದರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪಂಪು, ಫ್ಯಾನುಗಳ ಲೆಕ್ಕವೇ ಹಾಗೆ. ವೇಗದ ಘನಕ್ಕೆ ತಕ್ಕಂತೆ ಪವರ್. ರಿಪೋರ್ಟಿನಲ್ಲಿ ಈ ಉಳಿತಾಯ ಬರೆದಿದ್ದಾರೆ.

ನಮ್ಮ ನಾಲ್ಕು ಪಂಪಿನಲ್ಲಿ ಮೂರು "ಹ್ಯಾಂಡ್" ಮೋಡಿನಲ್ಲಿ, ಅಂದರೆ ಆಟೋ ಬಿಟ್ಟು ಕೈಯಿಂದ ಇಟ್ಟಂತೆ, 50 ಹರ್ಟ್ಜ್‌ನಲ್ಲಿ ಕೂತಿವೆ. ಹಳಬರನ್ನು ವಿಚಾರಿಸಿದೆ. ಪೈಪಿನ ಕೊನೆಯಲ್ಲಿದ್ದ ಪ್ರೆಶರ್ ಸೆನ್ಸರ್ ಹ್ಯಾಂಡೋವರ್ ಆದ ವರ್ಷವೇ ಕೆಟ್ಟಿತ್ತಂತೆ. ಮೇಲಿನ ಫ್ಲೋರಿಗೆ ನೀರು ಸಾಲಲಿಲ್ಲ, ಕಂಪ್ಲೇಂಟ್ ಬಂತು, ಯಾರೋ ಕೈಯಿಂದ 50ಕ್ಕೆ ಇಟ್ಟರು. ಅವತ್ತು ಅದು ಸರಿಯಾದ ಕೆಲಸವೇ. ಆದರೆ ವಾಪಸ್ ಆಟೋಗೆ ಹಾಕಲು ಯಾರೂ ಬರಲಿಲ್ಲ. ಇದರಿಂದ ನೀರು ಬೇಕಾದ್ದಕ್ಕಿಂತ ಬೇಗ ಸುತ್ತುತ್ತದೆ. ಚಿಲ್ಲರ್‌ನಿಂದ 7 ಡಿಗ್ರಿಯಲ್ಲಿ ಹೋಗಿ 12ರಲ್ಲಿ ವಾಪಸ್ ಬರಬೇಕಾದ ನೀರು 9ರಲ್ಲೇ ಬರುತ್ತದೆ. ಒಂದು ಚಿಲ್ಲರ್ ಸಾಕಾಗುವ ದಿನವೂ ಎರಡು ಓಡುತ್ತವೆ.

ಥೇಮ್ಸ್‌ದಂಡೆ

ಸರ್, ನಿಮ್ಮ ಪಂಪಿನ ಕಥೆ ಓದಿ ಮೈ ಜುಮ್ಮೆಂದಿತು. ನಾನು ದಾವಣಗೆರೆಯವನು, ಲಂಡನ್ನಿನಲ್ಲಿ ಬಿಲ್ಡಿಂಗ್ ಸರ್ವಿಸಸ್ ಎಂಜಿನಿಯರ್. ಇಲ್ಲಿ 1995ರಿಂದ 2002ರವರೆಗೆ ಪ್ರೋಬ್ ಎಂಬ ಅಧ್ಯಯನಗಳು ನಡೆದವು. ಬಿಲ್ ಬೋರ್ಡಸ್, ಏಡ್ರಿಯನ್ ಲೀಮನ್ ಮತ್ತು ಜೊತೆಯವರು, ಕಟ್ಟಿ ಎರಡು ಮೂರು ವರ್ಷ ಆದ ಹೆಸರಾಂತ ಕಟ್ಟಡಗಳಿಗೆ ವಾಪಸ್ ಹೋದರು. ಬಿಲ್ ನೋಡಿದರು, ಮೀಟರ್ ನೋಡಿದರು, ಒಳಗೆ ಕೂತವರನ್ನು ಮಾತಾಡಿಸಿದರು. ಆಮೇಲೆ ಕಟ್ಟಡದ ಹೆಸರು ಹಾಕಿಯೇ ವೃತ್ತಿಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಎಷ್ಟು ಧೈರ್ಯ ಬೇಕು ನೋಡಿ.

ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ನೀವು ಹೇಳಿದ್ದೇ. ಕಂಟ್ರೋಲ್‌ಗಳು ನಡೆಸುವವರ ಕೈಗೆ ಮೀರುವಷ್ಟು ಜಟಿಲ. ಏನಾದರೂ ತೊಂದರೆ ಬಂದರೆ ಎಲ್ಲವೂ "ಆನ್" ಕಡೆಗೆ ವಾಲುತ್ತದೆ. ಫ್ಯಾನ್ ಆಫ್ ಆದರೆ ಐದು ನಿಮಿಷಕ್ಕೆ ಫೋನ್ ಬರುತ್ತದೆ. ರಾತ್ರಿಯಿಡೀ ಸುಮ್ನೆ ಓಡಿದರೆ ಯಾರೂ ಫೋನ್ ಮಾಡುವುದಿಲ್ಲ.

ಇಲ್ಲಿ ಇನ್ನೊಂದು ತೊಡಕೂ ಇದೆ. ಬಿಲ್ಡಿಂಗ್ ರೆಗ್ಯುಲೇಶನ್ ಲೆಕ್ಕದಲ್ಲಿ ಹೀಟಿಂಗ್, ಕೂಲಿಂಗ್, ಬಿಸಿನೀರು, ಫ್ಯಾನು, ಲೈಟು ಬರುತ್ತವೆ. ಕಂಪ್ಯೂಟರ್, ಸರ್ವರ್, ಲಿಫ್ಟ್, ಕ್ಯಾಂಟೀನ್ ಬರುವುದಿಲ್ಲ. ಮೀಟರಿಗೆ ಆ ಭೇದ ಗೊತ್ತಿಲ್ಲ. ಆದ್ದರಿಂದ ಲೆಕ್ಕವನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಜಗಳ ಅಲ್ಲೇ. 2013ರಲ್ಲಿ ಇಲ್ಲಿನ ಎಂಜಿನಿಯರುಗಳ ಸಂಸ್ಥೆ ಸಿಬ್ಸಿ, ಟಿಎಂ54 ಎಂಬ ಕೈಪಿಡಿ ತಂದಿತು. ಇವನ್ನೆಲ್ಲಾ ಸೇರಿಸಿ, ನಿಜವಾದ ಗಂಟೆಗಳನ್ನು ಕೇಳಿ ತಿಳಿದು ಡಿಸೈನ್ ಹಂತದಲ್ಲೇ ಅಂದಾಜು ಮಾಡುವುದು ಹೇಗೆ ಎಂದು ಅದರಲ್ಲಿದೆ. ನಾನು ಈಗ ಪ್ರತಿ ಪ್ರಾಜೆಕ್ಟಿನಲ್ಲೂ ಮೊದಲು ಕೇಳುವುದು "ರಾತ್ರಿ ಇಲ್ಲಿ ಯಾರಿರುತ್ತಾರೆ?" ಎಂದು.

ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಅಂತರ ಯಾವಾಗಲೂ ಒಂದೇ ಕಡೆಗೆ ಇರುವುದಿಲ್ಲ. ಜರ್ಮನಿಯಲ್ಲಿ ಸುಮಾರು 3,400 ಮನೆಗಳ ಮಾಹಿತಿ ನೋಡಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಜನ ಲೆಕ್ಕಕ್ಕಿಂತ ಸರಾಸರಿ 30 ಪರ್ಸೆಂಟ್ ಕಡಿಮೆ ಹೀಟಿಂಗ್ ಬಳಸುತ್ತಿದ್ದರು. ಚಳಿ ತಡೆಯದ ಹಳೆಯ ಮನೆಗಳಲ್ಲೇ ಈ ಅಂತರ ಹೆಚ್ಚು. ಬಿಲ್ ತಾವೇ ಕಟ್ಟುವವರು ಒಂದೇ ರೂಮ್ ಬೆಚ್ಚಗಿಟ್ಟುಕೊಂಡು ಇರುತ್ತಾರೆ. ಅಂಥ ಮನೆ ರಿಪೇರಿ ಮಾಡಿ ಇಷ್ಟು ಉಳಿಯುತ್ತದೆ ಎಂದು ಮಾತು ಕೊಟ್ಟರೆ, ಉಳಿಯುವುದು ಅದಕ್ಕಿಂತ ಕಡಿಮೆ. ಅವರು ಖರ್ಚೇ ಮಾಡುತ್ತಿರಲಿಲ್ಲವಲ್ಲ.

ಮಲ್ಲಿಗೆಬಳ್ಳಿ

ನಾನು ಎಂಜಿನಿಯರ್ ಅಲ್ಲ, ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಆದರೂ ಇದನ್ನು ಓದುತ್ತಾ ಹೋದಂತೆ ನಮ್ಮ ಮನೆಯದ್ದೇ ಮಾತು ಅನ್ನಿಸಿತು.

ನಮ್ಮ ಟೆರೇಸಿನಲ್ಲಿ ಸೋಲಾರ್ ವಾಟರ್ ಹೀಟರ್ ಇದೆ. ಮೇಲೆ ನೀರು ಕೈ ಸುಡುವಷ್ಟು ಬಿಸಿ. ನಮ್ಮದು ಎರಡನೇ ಮಹಡಿ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಒಂದು ಬಕೆಟ್ ತಣ್ಣೀರು ಹೋದ ಮೇಲೆ ಬಿಸಿನೀರು ಬರುತ್ತದೆ. ಪೈಪಿಗೆ ಸುತ್ತಿದ್ದ ಫೋಮ್ ಬಿಸಿಲಿಗೆ ಪುಡಿಯಾಗಿ ಹೋಗಿದೆ. ಕಾವೇರಿ ನೀರನ್ನು ಹೀಗೆ ಚೆಲ್ಲಲು ಮನಸ್ಸು ಬರುವುದಿಲ್ಲ, ಸ್ಕೂಲ್ ಬಸ್ಸಿಗೂ ಹೊತ್ತಾಗುತ್ತದೆ. ಎಲ್ಲರೂ ಗೀಸರ್ ಹಾಕುತ್ತಾರೆ. ಕಾಗದದ ಮೇಲೆ ನಮ್ಮದು ಸೋಲಾರ್ ಕಟ್ಟಡ.

ಇನ್ನು ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಅದಕ್ಕೆ ಗಾಳಿ ಊದುವ ಬ್ಲೋವರ್. ಎಲ್ಲಾ ಫ್ಲ್ಯಾಟ್ ತುಂಬಿದರೆ ಎಷ್ಟು ಬೇಕೋ ಅಷ್ಟಕ್ಕೆ ಇಟ್ಟಿದ್ದಾರೆ. ಮೂರರಲ್ಲಿ ಒಂದು ಮನೆ ಇನ್ನೂ ಖಾಲಿ. ಬ್ಲೋವರ್ ಮಾತ್ರ 24 ಗಂಟೆ. ಮನೆ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರುವವರಿಗೆ ಕಾಮನ್ ಏರಿಯಾ ಬಿಲ್ ಮಾತ್ರ ಕಾಣುತ್ತದೆ, ಮೀಟಿಂಗಿನಲ್ಲಿ ನನ್ನನ್ನೇ ಕೇಳುತ್ತಾರೆ. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?

ಲೆಕ್ಕದಪುಸ್ತಕ

ಮೇಡಂ, ಕಾಮನ್ ಏರಿಯಾ ಬಿಲ್ಲನ್ನು ಬಿಡಿಸುವುದರಿಂದ ಶುರು ಮಾಡಿ. ಎಸ್‌ಟಿಪಿ, ನೀರಿನ ಪಂಪು, ಲಿಫ್ಟ್, ಬೇಸ್‌ಮೆಂಟ್ ಫ್ಯಾನ್ ಮತ್ತು ಲೈಟು, ಈ ನಾಲ್ಕಕ್ಕೆ ಬೇರೆ ಬೇರೆ ಸಬ್‌ಮೀಟರ್ ಹಾಕಿಸಿ. ವಾರಕ್ಕೊಮ್ಮೆ ಬರೆದಿಟ್ಟರೆ ಸಾಕು. ಬ್ಲೋವರ್ ಸಮಯವನ್ನು ಮಾತ್ರ ನೀವಾಗಿಯೇ ಇಳಿಸಬೇಡಿ. ಗಾಳಿ ಕಡಿಮೆಯಾದರೆ ಎಸ್‌ಟಿಪಿಯಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತದೆ, ವಾಸನೆ ಬರುತ್ತದೆ. ನಡೆಸುವವರನ್ನು ಕೂರಿಸಿಕೊಂಡು ನೀರಿನಲ್ಲಿರುವ ಆಕ್ಸಿಜನ್ ಅಳೆದು ನಿಧಾನಕ್ಕೆ ಇಳಿಸಿ. ಬಿಸಿನೀರಿನ ಪೈಪಿಗೆ ಹೊಸ ಇನ್ಸುಲೇಶನ್, ಮೇಲೆ ಬಿಸಿಲು ತಾಗದಂತೆ ಅಲ್ಯುಮಿನಿಯಂ ಹೊದಿಕೆ, ಈ ಬೇಸಿಗೆಯೊಳಗೇ ಮಾಡಿಸಿಬಿಡಿ.

ಆಫೀಸಿನವರು ತಮ್ಮ ಕಟ್ಟಡ ಎಲ್ಲಿ ನಿಂತಿದೆ ಎಂದು ನೋಡಲು ಇನ್ನೊಂದು ದಾರಿ ಇದೆ. ವರ್ಷದ ಯೂನಿಟ್ಟನ್ನು ಚದರ ಮೀಟರಿನಿಂದ ಭಾಗಿಸಿ. ಒಂದು ಲಕ್ಷ ಚದರ ಅಡಿ ಎಂದರೆ ಸುಮಾರು 9,290 ಚದರ ಮೀಟರ್. ವರ್ಷಕ್ಕೆ 15 ಲಕ್ಷ ಯೂನಿಟ್ ಬಂದರೆ ಸುಮಾರು 161. ಬಿಇಇ 2009ರಲ್ಲಿ ಆಫೀಸ್ ಕಟ್ಟಡಗಳಿಗೆ ತಂದ ಸ್ಟಾರ್ ರೇಟಿಂಗ್ ಈ ಸಂಖ್ಯೆಯ ಮೇಲೇ ನಿಂತಿದೆ. ಅದು ಡಿಸೈನ್ ನೋಡುವುದಿಲ್ಲ, ಬಿಲ್ ನೋಡುತ್ತದೆ. ರಾತ್ರಿಯೂ ಕೆಲಸ ಮಾಡುವ ಬಿಪಿಒಗಳಿಗೆ ಗಂಟೆಗೆ ಎಷ್ಟು ಎಂದು ಬೇರೆ ಅಳತೆ ಇದೆ. ಹಾಗಾಗಿ ಪಾಳಿಯ ಕಟ್ಟಡವನ್ನೂ ಹಗಲಿನ ಕಟ್ಟಡವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇಷ್ಟು ಬರೆದ ಮೇಲೆ, ಲೆಕ್ಕ ಮಾಡುವವರಿಗೆ ನಂಬಿಕೆ ಕೊಡುವ ಒಂದು ಉದಾಹರಣೆ ಹೇಳದೆ ಇರಲಾರೆ. ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್ 2011ರಲ್ಲಿ ಒಂದು ಆಫೀಸ್ ಕಟ್ಟಿತು. ಒಂದೇ ಕಟ್ಟಡ, ಒಂದೇ ತರಹದ ಎರಡು ಭಾಗ. ಒಂದು ಭಾಗಕ್ಕೆ ಡಕ್ಟಿನಲ್ಲಿ ತಣ್ಣನೆ ಗಾಳಿ ಕಳಿಸುವ ಮಾಮೂಲಿ ಎಸಿ, ಅದೂ ಚೆನ್ನಾಗಿ ಮಾಡಿದ್ದು. ಇನ್ನೊಂದಕ್ಕೆ ಕಾಂಕ್ರೀಟ್ ಸ್ಲ್ಯಾಬಿನೊಳಗೆ ತಣ್ಣೀರಿನ ಪೈಪು. ಎರಡಕ್ಕೂ ಬೇರೆ ಬೇರೆ ಮೀಟರ್ ಇಟ್ಟು ಅಳೆದರು. ಸ್ಲ್ಯಾಬ್ ತಣ್ಣಗಿಟ್ಟ ಭಾಗದ ಕೂಲಿಂಗ್ ಸುಮಾರು ಮೂರನೇ ಒಂದು ಭಾಗ ಕಡಿಮೆ ಕರೆಂಟಿನಲ್ಲಿ ಮುಗಿಯಿತು. ಕಾಗದದಲ್ಲಿ ತೋರಿಸಿ ಬಿಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ.

ಯಾರಾನದಿ

ಮೆಲ್ಬರ್ನ್‌ನಿಂದ. ಇಲ್ಲಿ ಮಾಲೀಕರೇ ಮೀಟರಿನ ಹಿಂದೆ ಬೀಳುತ್ತಾರೆ, ಅದು ಹೇಗೆ ಎಂದು ಹೇಳುತ್ತೇನೆ.

ಇಲ್ಲಿನ ರೇಟಿಂಗ್ ಹೆಸರು ನೇಬರ್ಸ್. 1990ರ ದಶಕದ ಕೊನೆಯಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. 12 ತಿಂಗಳ ನಿಜವಾದ ಬಿಲ್ ಇಲ್ಲದೆ ಸ್ಟಾರ್ ಇಲ್ಲ. ಸ್ಟಾರ್ ಒಂದೇ ವರ್ಷಕ್ಕೆ, ಮುಂದಿನ ವರ್ಷ ಮತ್ತೆ ಅಳೆಯಬೇಕು. ದೊಡ್ಡ ಆಫೀಸ್ ಮಾರುವಾಗ, ಬಾಡಿಗೆಗೆ ಕೊಡುವಾಗ ಸ್ಟಾರ್ ಎಷ್ಟು ಎಂದು ಹೇಳಲೇಬೇಕು ಎಂಬ ಕಾನೂನು 2010ರಲ್ಲಿ ಬಂತು. ಕೇಂದ್ರ ಸರ್ಕಾರದ ಇಲಾಖೆಗಳು ದೊಡ್ಡ ಆಫೀಸ್ ಬಾಡಿಗೆಗೆ ಹಿಡಿಯುವಾಗ 4.5 ಸ್ಟಾರ್ ಕೇಳಲು ಶುರು ಮಾಡಿದ ಮೇಲೆ ಮಾಲೀಕರಿಗೆ ಸ್ಟಾರ್ ಎಂದರೆ ಬಾಡಿಗೆ ದುಡ್ಡಾಯಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು. ಮಾಲೀಕರ ಕರೆಂಟು ಬೇರೆ, ಬಾಡಿಗೆದಾರರ ಕರೆಂಟು ಬೇರೆ ಅಳೆಯುತ್ತಾರೆ. ಸೆಂಟ್ರಲ್ ಎಸಿ, ಲಿಫ್ಟು, ಲಾಬಿ ಲೈಟು ಮಾಲೀಕರ ಲೆಕ್ಕ. ಟೇಬಲ್ ಮೇಲಿನ ಕಂಪ್ಯೂಟರ್, ಒಳಗಿನ ಲೈಟು ಬಾಡಿಗೆದಾರರ ಲೆಕ್ಕ. "ಅವರಿಂದ ಜಾಸ್ತಿ ಆಯಿತು" ಎಂದು ಒಬ್ಬರನ್ನೊಬ್ಬರು ತೋರಿಸಲು ಆಗುವುದಿಲ್ಲ. ಚಿಲ್ಲರ್‌ಮನೆ ಸರ್, ನಿಮ್ಮ ಮ್ಯಾನೇಜರ್ ನಿಮ್ಮನ್ನು ಬೈಯುವ ಮೊದಲು ಈ ಎರಡು ಸಂಖ್ಯೆ ಬೇರೆ ಬೇರೆಯಾಗಿ ಅವರ ಕೈಯಲ್ಲಿ ಇರಬೇಕಿತ್ತು.

ಹೊಸ ಕಟ್ಟಡ ಕಟ್ಟುವವರು "ಇಷ್ಟು ಸ್ಟಾರ್ ತಂದೇ ತರುತ್ತೇವೆ" ಎಂದು ಮೊದಲೇ ಸಹಿ ಮಾಡಬಹುದು. ಆಗ ಜನ ತುಂಬಿ ಒಂದು ವರ್ಷ ನಡೆದ ಮೇಲೆ ಅಳತೆ. ಇದೇ ಪದ್ಧತಿ 2020ರಲ್ಲಿ ಇಂಗ್ಲೆಂಡಿಗೂ ಹೋಯಿತು.

ಕೆಂಪುಹೆಂಚು

ಸಹಿ ಮಾಡಿಸುವ ಮಾತು ನನಗೆ ಬಹಳ ಹಿಡಿಸಿತು. ಆ ಫಿನ್ ತೆಗೆಯುವ ಮೀಟಿಂಗಿನಲ್ಲಿ ಅಂಥ ಒಂದು ಸಹಿ ಇದ್ದಿದ್ದರೆ, "ತೆಗೆದರೆ ಸ್ಟಾರ್ ಹೋಗುತ್ತದೆ" ಎಂದು ನಾನು ಹೇಳಬಹುದಿತ್ತು. ನಮ್ಮ ಕೈಯಲ್ಲಿ ಇದ್ದದ್ದು "ಸೆಕೆ ಆಗುತ್ತದೆ" ಎಂಬ ಮಾತು ಮಾತ್ರ.

ಬಿಸಿಲುಕುದುರೆ

ಊರೇ ಬಿಸಿಯಾಗಿದೆ, ಅದನ್ನು ಲೆಕ್ಕ ಹಿಡಿಯುತ್ತದಾ? 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಆಗಿತ್ತಲ್ಲ.

ಲೆಕ್ಕದಪುಸ್ತಕ

ಪೂರ್ತಿ ಹಿಡಿಯುವುದಿಲ್ಲ ಸರ್. ನಾವು ಹಾಕುವ ಹವಾಮಾನದ ಫೈಲು ಹಿಂದಿನ ಹಲವು ವರ್ಷಗಳಿಂದ ಆರಿಸಿ ಜೋಡಿಸಿದ "ಮಾಮೂಲಿ ವರ್ಷ". ಅಂಥ ಏಪ್ರಿಲ್ ಅದರಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ವಿಮಾನ ನಿಲ್ದಾಣ ಅಥವಾ ಹವಾಮಾನ ಕೇಂದ್ರದ ಅಳತೆ ಅದು, ನಿಮ್ಮ ರಸ್ತೆಯ ಡಾಂಬರಿನ ಮೇಲಿನದ್ದಲ್ಲ. ಆದರೆ ಬೆಳಗಿನ ಜಾವ 3 ಗಂಟೆಗೆ ಖಾಲಿ ಫ್ಲೋರಿನಲ್ಲಿ ಫ್ಯಾನ್ ಓಡುವುದಕ್ಕೆ ಬಿಸಿಲು ಕಾರಣ ಅಲ್ಲ. ಮೊದಲು ಅದನ್ನು ಹಿಡಿಯೋಣ.

ಚಿಲ್ಲರ್‌ಮನೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಒಂದು ಭಾನುವಾರ ರಾತ್ರಿ ನಾನೂ ಇಬ್ಬರು ಹುಡುಗರೂ ಕ್ಲ್ಯಾಂಪ್ ಮೀಟರ್ ಹಿಡಿದು ಬೇಸ್‌ಮೆಂಟಿನಿಂದ ಟೆರೇಸಿನ ತನಕ ನಡೆದೆವು. ಒಂದೊಂದೇ ಪ್ಯಾನೆಲ್ ತೆಗೆದು ಬರೆದುಕೊಂಡೆವು.

ಆರನೇ ಫ್ಲೋರ್ ಖಾಲಿಯಾಗಿ ಎಂಟು ತಿಂಗಳು. ಅಲ್ಲಿ ಮೊದಲು ರಾತ್ರಿ ಪಾಳಿಯವರಿದ್ದರು. ಅವರಿಗಾಗಿ ಬಿಎಂಎಸ್‌ನಲ್ಲಿ (ಕಟ್ಟಡದ ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಎರಡು ಎಎಚ್‌ಯುಗಳನ್ನು 24 ಗಂಟೆಗೆ ಹಾಕಿದ್ದು ಹಾಗೇ ಇತ್ತು. ಎಂಟು ತಿಂಗಳು ಖಾಲಿ ಹಾಲನ್ನು ತಣ್ಣಗೆ ಮಾಡಿದ್ದೇವೆ. ಅದಕ್ಕೋಸ್ಕರ ರಾತ್ರಿಯೆಲ್ಲಾ ಒಂದು ಚಿಲ್ಲರ್, ಒಂದು ಪಂಪು, ಒಂದು ಕೂಲಿಂಗ್ ಟವರ್ ಫ್ಯಾನು. ಆ ಸ್ಕ್ರೀನ್ ನೋಡಿ ನಿಂತಲ್ಲೇ ನಿಂತೆ. ನಾನೇ ನೋಡಬೇಕಿತ್ತು.

ಬೇಸ್‌ಮೆಂಟ್ ಎಕ್ಸಾಸ್ಟ್ ಫ್ಯಾನುಗಳು ಹೊಗೆ ಸೆನ್ಸರ್ ನೋಡಿ ಓಡಬೇಕು, ಸೆನ್ಸರಿನ ವೈರೇ ಕಟ್ ಆಗಿದೆ. ಟಾಯ್ಲೆಟ್ ಎಕ್ಸಾಸ್ಟ್ ರಾತ್ರಿಯಿಡೀ ಆನ್. ಯುಪಿಎಸ್‌ಗಳು ತಮ್ಮ ತಾಕತ್ತಿನ ಐದರಲ್ಲಿ ಒಂದು ಭಾಗಕ್ಕೂ ಲೋಡ್ ಇಲ್ಲದೆ ಬಿಸಿಯಾಗುತ್ತಾ ಕೂತಿವೆ, ಅವನ್ನು ತಣ್ಣಗಿಡಲು ಇನ್ನೆರಡು ಎಸಿ.

ಆರನೇ ಫ್ಲೋರ್ ಅವತ್ತೇ ಆಫ್ ಮಾಡಿದೆವು. ಟಾಯ್ಲೆಟ್ ಫ್ಯಾನಿಗೆ ಟೈಮರ್ ಬಂತು. ಪ್ರೆಶರ್ ಸೆನ್ಸರ್ ಹೊಸದು ಹಾಕಿಸಿ ಎರಡು ಪಂಪು ಆಟೋಗೆ ಬಂದಿವೆ, ಮಧ್ಯಾಹ್ನ 41 ಹರ್ಟ್ಜ್‌ನಲ್ಲಿ ತಿರುಗುತ್ತಿವೆ, ಇನ್ನೂ ಒಂದು ಕಂಪ್ಲೇಂಟ್ ಬಂದಿಲ್ಲ. ಮೂರನೆಯದರ ವಿಎಫ್‌ಡಿ ಕಾರ್ಡೇ ಹೋಗಿದೆ. ಬೆಳಗಿನ ಜಾವದ ಲೋಡ್ 40ರಿಂದ 26 ಪರ್ಸೆಂಟಿಗೆ ಇಳಿದಿದೆ. ಹಗಲಿನ ಅಂತರ ಹಾಗೇ ಇದೆ. ನಮ್ಮಲ್ಲೂ ಇರುವ ಪಶ್ಚಿಮದ ಗಾಜು ನನ್ನ ಕೈಯಲ್ಲಿಲ್ಲ.

ಮ್ಯಾನೇಜರ್‌ಗೆ ಮೊದಲಿನ ಮತ್ತು ಈಗಿನ ರೀಡಿಂಗ್ ಪಕ್ಕಪಕ್ಕ ಇಟ್ಟು ತೋರಿಸಿದೆ. ಫ್ಲೋರಿಗೊಂದು ಸಬ್‌ಮೀಟರಿಗೆ ಕೊಟೇಶನ್ ತರಿಸಲು ಒಪ್ಪಿದ್ದಾರೆ.

ಲೆಕ್ಕದಪುಸ್ತಕ

ಸರ್, ತುಂಬಾ ಖುಷಿಯಾಯಿತು. ಒಂದು ಕೇಳಿಕೆ. ನಿಮ್ಮ ನೋಟ್‌ಬುಕ್ಕಿನ ರೀಡಿಂಗ್ ಫೋಟೋ ತೆಗೆದು ಕಳಿಸುತ್ತೀರಾ? ನಿಮ್ಮ ನಿಜವಾದ ಗಂಟೆಗಳನ್ನು ಹಾಕಿ ಆ ಹಳೆಯ ಮಾಡೆಲ್ ಥರದ್ದೇ ಒಂದನ್ನು ಮತ್ತೆ ಓಡಿಸಿ ನೋಡುತ್ತೇನೆ. ದುಡ್ಡಿನ ಮಾತಿಲ್ಲ. ಉಳಿದ ಅಂತರದಲ್ಲಿ ಗಾಜಿನದ್ದೆಷ್ಟು, ರಾತ್ರಿ ಪಾಳಿಯದ್ದೆಷ್ಟು ಎಂದು ನನಗೂ ಗೊತ್ತಾಗಬೇಕು. ಕೆಂಪುಹೆಂಚು ಅವರು ಗಾಜಿನ ಸ್ಪೆಸಿಫಿಕೇಶನ್ ಓದಲು ಸಹಾಯ ಮಾಡಿದರೆ ಇನ್ನೂ ಒಳ್ಳೆಯದು.

ಕೆಂಪುಹೆಂಚು

ಖಂಡಿತ. ಶನಿವಾರ ಬಿಡುವಿದೆ. ಕಟ್ಟಡಕ್ಕೇ ಬರುತ್ತೇನೆ, ಮಧ್ಯಾಹ್ನ ಮೂರರ ಮೇಲೆ. ಬಿಸಿಲು ಆಗಲೇ ಪಶ್ಚಿಮಕ್ಕೆ ಬರುವುದು.

ಚಿಲ್ಲರ್‌ಮನೆ

ಬನ್ನಿ ಮೇಡಂ, ಗೇಟಿನಲ್ಲಿ ಹೇಳಿರುತ್ತೇನೆ. ನೋಟ್‌ಬುಕ್ ಫೋಟೋ ಇವತ್ತು ರಾತ್ರಿ ಹಾಕುತ್ತೇನೆ, 3 ಗಂಟೆಯ ರೀಡಿಂಗ್ ತೆಗೆದ ಮೇಲೆ.